ಕಡಲ ಬದಿಯ ಮನೆಗೆ ಗ್ರಾಫಿಕ್ಸ್ ಕಾರ್ಡ್ ಆರಿಸುವುದು ಹೇಗೆ?

ಸುರತ್ಕಲ್‌ನ ನಮ್ಮ ಮನೆಯಿಂದ ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಅಲ್ಲಿ ನನ್ನ ಮೊದಲ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ (ಪಿಸಿಯಲ್ಲಿ ಆಟದ ಚಿತ್ರ ತಯಾರಿಸುವ ಭಾಗ) ಹದಿನಾಲ್ಕೇ ತಿಂಗಳು ಬಾಳಿತು. ಜುಲೈ ತಿಂಗಳು, ಮನೆಯವರೆಲ್ಲ ಎರಡು ವಾರ ಊರಲ್ಲಿ ಇರಲಿಲ್ಲ. ಬಂದು ಆನ್ ಮಾಡಿದರೆ ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು. ಕಾರ್ಡ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಎಚ್‌ಡಿಎಂಐ ಪೋರ್ಟಿನ ಬಾಯಿಗೆ ಕಂದು ತುಕ್ಕು. ಹಿಂಬದಿಯ ಸಣ್ಣ ಬೆಸುಗೆಗಳ ಮೇಲೆ ಹಸಿರು ಪುಡಿ. ವಾರಂಟಿ ಮೂರು ವರ್ಷದ್ದಿತ್ತು. ಸರ್ವಿಸ್ ಸೆಂಟರ್‌ನವರು ‘ತುಕ್ಕು ಹಿಡಿದಿದೆ, ವಾರಂಟಿಗೆ ಬರುವುದಿಲ್ಲ’ ಎಂದು ಒಂದು ಸಾಲು ಬರೆದು ವಾಪಸ್ ಕಳಿಸಿದರು.

ಆಮೇಲೆ ನಾನು ಕಾರ್ಡ್ ಆರಿಸುವ ಕ್ರಮವನ್ನೇ ಬದಲಿಸಿದೆ. ಮೊದಲೆಲ್ಲ ಯಾವ ಕಾರ್ಡ್ ಜೋರು ಎಂದು ನೋಡಿ, ಉಳಿದದ್ದನ್ನು ಅದಕ್ಕೆ ಹೊಂದಿಸುತ್ತಿದ್ದೆ. ಈಗ ಮಾನಿಟರ್, ಪಿಸಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿ, ಕ್ಯಾಬಿನೆಟ್, ಕೋಣೆಯ ಗಾಳಿ ಎಲ್ಲ ನೋಡಿ ಕೊನೆಗೆ ಕಾರ್ಡಿನ ಹೆಸರಿಗೆ ಬರುತ್ತೇನೆ. ಮಂಗಳೂರು, ಉಡುಪಿ, ಕುಂದಾಪುರ ಕಡೆ ಗೇಮಿಂಗ್ ಪಿಸಿ ಕಟ್ಟುವವರಿಗೆಲ್ಲ ನಾನು ಹೇಳುವುದು ಇದೇ ಕ್ರಮ.

ಮೊದಲು ಮಾನಿಟರ್ ನೋಡಿ

ಪರದೆಯ ಮೇಲಿನ ಚುಕ್ಕಿಗಳಿಗೆ ಬಣ್ಣ ತುಂಬುವುದೇ ಕಾರ್ಡಿನ ಕೆಲಸ. 1080ಪಿ ಮಾನಿಟರ್‌ನಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 83 ಲಕ್ಷ. ಅಂದರೆ 4ಕೆಗೆ 1080ಪಿಯ ನಾಲ್ಕು ಪಟ್ಟು ಕೆಲಸ. ಇದರ ಜೊತೆಗೆ ರಿಫ್ರೆಶ್ ರೇಟ್ ಬೇರೆ ಉಂಟು, ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎನ್ನುವುದು. 60 ಹರ್ಟ್ಜ್ ಮಾನಿಟರ್‌ಗೆ ಒಂದು ಚಿತ್ರ ತಯಾರಿಸಲು ಕಾರ್ಡಿಗೆ 16.7 ಮಿಲಿಸೆಕೆಂಡ್ ಸಿಗುತ್ತದೆ. 144 ಹರ್ಟ್ಜ್ ಆದರೆ ಬರೀ 6.9.

ನಿಮ್ಮ ಹತ್ತಿರ 1080ಪಿ, 60 ಹರ್ಟ್ಜ್‌ನ ಹಳೆ ಮಾನಿಟರ್ ಇದ್ದು, ಅದನ್ನು ಬದಲಿಸುವ ಯೋಚನೆಯೂ ಇಲ್ಲದಿದ್ದರೆ ದುಬಾರಿ ಕಾರ್ಡ್ ತೆಗೆದುಕೊಳ್ಳಬೇಡಿ. ಅದು ತಯಾರಿಸುವ ಹೆಚ್ಚಿನ ಚಿತ್ರಗಳನ್ನು ತೋರಿಸಲು ಆ ಮಾನಿಟರ್‌ಗೆ ಆಗುವುದಿಲ್ಲ. ಅದೇ ದುಡ್ಡಿನಲ್ಲಿ ಮಧ್ಯಮ ಕಾರ್ಡ್ ಮತ್ತು 144 ಹರ್ಟ್ಜ್ ಮಾನಿಟರ್ ಎರಡೂ ಬರುತ್ತವೆ ಅಂದರೆ ನಾನು ಕಣ್ಣು ಮುಚ್ಚಿ ಆ ಜೋಡಿಗೇ ಹೋಗುತ್ತೇನೆ.

ಆಡುವ ಆಟ ಯಾವುದು ಎನ್ನುವುದೂ ಮುಖ್ಯ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ತರಹದ ಆಟಗಳು ಕಾರ್ಡಿಗಿಂತ ಪ್ರೊಸೆಸರ್‌ಗೆ ಜಾಸ್ತಿ ಕೆಲಸ ಕೊಡುತ್ತವೆ. ಸೈಬರ್‌ಪಂಕ್ 2077 ತರಹದವು ಕಾರ್ಡನ್ನು ಹಿಂಡುತ್ತವೆ. ದಿನವೂ ವ್ಯಾಲರಂಟ್ ಆಡಿ ವರ್ಷಕ್ಕೊಮ್ಮೆ ಸೈಬರ್‌ಪಂಕ್ ತೆರೆಯುವವರು ದಿನದ ಆಟಕ್ಕೆ ತಕ್ಕ ಹಾಗೆ ಖರ್ಚು ಮಾಡಬೇಕು.

ಅಡ್ಡಿ ಇರುವುದು ಕಾರ್ಡಿನಲ್ಲೇ ಹೌದಾ?

ಹಳೆ ಪಿಸಿಗೆ ಹೊಸ ಕಾರ್ಡ್ ಹಾಕುವವರು ಈ ಪರೀಕ್ಷೆ ಮಾಡಲೇಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತವಾಗಿ ಸಿಗುತ್ತದೆ, ಬೇರೆ ಕಂಪನಿಯ ಕಾರ್ಡಿಗೂ ನಡೆಯುತ್ತದೆ. ಅದನ್ನು ಹಾಕಿ, ಆಟ ಆಡುವಾಗ ಪರದೆಯ ಮೂಲೆಯಲ್ಲಿ ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆ ಕಾಣುವ ಹಾಗೆ ಮಾಡಿಕೊಳ್ಳಿ. ಅದು 95 ಶೇಕಡಕ್ಕಿಂತ ಮೇಲೆಯೇ ನಿಂತಿದ್ದರೆ ಕಾರ್ಡೇ ಸಾಲುತ್ತಿಲ್ಲ. 60ರ ಸುತ್ತ ಓಡಾಡುತ್ತಾ ಆಟ ತಡವರಿಸುತ್ತಿದ್ದರೆ ಪ್ರೊಸೆಸರ್ ಅಥವಾ ರ್‍ಯಾಮ್ ಕಡೆ ನೋಡಿ.

ಇನ್ನೂ ಸುಲಭದ ದಾರಿ ಒಂದುಂಟು. ಆಟದ ರೆಸಲ್ಯೂಷನ್ (ಚುಕ್ಕಿಗಳ ಸಂಖ್ಯೆ) ಅನ್ನು 720ಪಿಗೆ ಇಳಿಸಿ. ಸೆಕೆಂಡಿಗೆ ಬರುವ ಫ್ರೇಮ್‌ಗಳು, ಅಂದರೆ ಚಿತ್ರಗಳು, ಏರಿದರೆ ಕಾರ್ಡ್ ಬದಲಿಸಿದ್ದಕ್ಕೆ ಫಲ ಸಿಗುತ್ತದೆ. ಏರದಿದ್ದರೆ ಹೊಸ ಕಾರ್ಡ್ ಹಾಕಿದರೂ ಇಷ್ಟೇ. ಒಂದೇ ರ್‍ಯಾಮ್ ಕಡ್ಡಿ ಇರುವ ಪಿಸಿಗೆ ಅಂಥದ್ದೇ ಇನ್ನೊಂದು ಕಡ್ಡಿ ಹಾಕಿದ ಮೇಲೆ ಆಟದ ತಡವರಿಕೆ ನಿಂತದ್ದನ್ನು ಹಲವು ಸಲ ನೋಡಿದ್ದೇನೆ.

ವಿರ್‍ಯಾಮ್ ಲೆಕ್ಕ

ಕಾರ್ಡಿನ ಮೇಲೆಯೇ ಕೂತಿರುವ ಮೆಮೊರಿ ವಿರ್‍ಯಾಮ್. ಆಟದ ಗೋಡೆ, ಬಟ್ಟೆ, ಮುಖ, ನೆರಳು ಎಲ್ಲದರ ಚಿತ್ರಗಳು ಅಲ್ಲಿರಬೇಕು. ಅದು ತುಂಬಿ ತುಳುಕಿದರೆ ಉಳಿದದ್ದನ್ನು ಕಾರ್ಡ್ ಪಿಸಿಯ ರ್‍ಯಾಮ್‌ನಿಂದ ತರಿಸಿಕೊಳ್ಳಬೇಕು. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗಿಂತ ಎಷ್ಟೋ ನಿಧಾನ. ಆಗ ಸರಾಸರಿ ಫ್ರೇಮ್ ಚೆನ್ನಾಗಿ ಕಂಡರೂ, ತಿರುಗಿದಾಗೆಲ್ಲ ಆಟ ಒಂದು ಕ್ಷಣ ಹಿಡಿದು ನಿಲ್ಲುತ್ತದೆ.

ಇಲ್ಲಿ ಹಳೆ ಮದರ್‌ಬೋರ್ಡ್ ಇರುವವರಿಗೆ ಇನ್ನೊಂದು ತೊಂದರೆ. ಎನ್ವಿಡಿಯಾದ ಆರ್‌ಟಿಎಕ್ಸ್ 4060, ಎಎಂಡಿಯ ಆರ್‌ಎಕ್ಸ್ 6600 ಮತ್ತು ಆರ್‌ಎಕ್ಸ್ 7600 ಪಿಸಿಐಇಯ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) ಎಂಟೇ ಲೇನ್ ಬಳಸುತ್ತವೆ. ಬೋರ್ಡ್ ಪಿಸಿಐಇ 3.0 ಆದರೆ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ವಿರ್‍ಯಾಮ್ ತುಂಬದ ತನಕ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ತುಂಬಿದ ಮೇಲೆ ಗೊತ್ತಾಗುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್, ವಿರ್‍ಯಾಮ್ ಕೂಡ ಹೆಚ್ಚಾಗಿ 4 ಜಿಬಿ. ಹಳೆ ಬೋರ್ಡಿಗೆ ಅದು ಬೇಡವೇ ಬೇಡ.

ನನ್ನ ಲೆಕ್ಕ ಹೀಗೆ. 1080ಪಿಯಲ್ಲಿ ಆಡುತ್ತೀರಿ, ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್ (ಗೋಡೆ, ಬಟ್ಟೆಗಳ ಚಿತ್ರದ ಗುಣಮಟ್ಟ) ಸ್ವಲ್ಪ ಇಳಿಸಿಕೊಳ್ಳಲು ಅಡ್ಡಿ ಇಲ್ಲ ಅಂದರೆ 8 ಜಿಬಿ ನಡೆಯುತ್ತದೆ. ಒಂದೇ ಕಾರ್ಡನ್ನು ನಾಲ್ಕೈದು ವರ್ಷ ಓಡಿಸಬೇಕು ಅಥವಾ 1440ಪಿ ಮಾನಿಟರ್ ಉಂಟು ಅಂದರೆ 12 ಜಿಬಿಗಿಂತ ಕಡಿಮೆಗೆ ಹೋಗಬೇಡಿ. ಇಂಟೆಲ್‌ನ ಆರ್ಕ್ ಬಿ580 ಕಾರ್ಡಿನಲ್ಲಿ 12 ಜಿಬಿ ಇದೆ. ಆದರೆ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ನಲ್ಲಿ) ರೀಸೈಜಬಲ್ ಬಾರ್ ಎಂಬ, ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಟ್ಟಿಗೆ ತಲುಪುವ ಸೌಲಭ್ಯ ಇರುವ ಬೋರ್ಡ್ ಇದ್ದರೆ ಮಾತ್ರ ಅದನ್ನು ತೆಗೆದುಕೊಳ್ಳಿ. ಇಲ್ಲದಿದ್ದರೆ ಅದರ ವೇಗ ಬಹಳ ಬೀಳುತ್ತದೆ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದಲ್ಲಿ ಓದುತ್ತಾ ಆಟದ ಜೊತೆ ಮಷಿನ್ ಲರ್ನಿಂಗ್ ಕೂಡ ಮಾಡುವವರಿಗೆ ನನ್ನ ಉತ್ತರ ಬೇರೆ. ಅವರು ಕುಡಾ (ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಎನ್ವಿಡಿಯಾದ ತಂತ್ರಾಂಶ) ನಡೆಯುವ ಎನ್ವಿಡಿಯಾ ಕಾರ್ಡನ್ನೇ, ಕೈಗೆ ಸಿಗುವಷ್ಟು ಜಾಸ್ತಿ ವಿರ್‍ಯಾಮ್ ಇರುವುದನ್ನು ತೆಗೆದುಕೊಳ್ಳಲಿ.

ಹೆಸರು ಒಂದೇ, ಕಾರ್ಡ್ ಬೇರೆ

ಆರ್‌ಟಿಎಕ್ಸ್ 5060 ಟಿಐ 8 ಜಿಬಿಯಲ್ಲೂ ಬರುತ್ತದೆ, 16 ಜಿಬಿಯಲ್ಲೂ ಬರುತ್ತದೆ. ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೆಯೇ. ಆರ್‌ಟಿಎಕ್ಸ್ 3060 ಎಂದರೆ ಎಲ್ಲರ ಮನಸ್ಸಿಗೆ ಬರುವುದು 12 ಜಿಬಿ, 192 ಬಿಟ್‌ನ (ಮೆಮೊರಿಗೆ ಹೋಗುವ ದಾರಿಯ ಅಗಲ) ಕಾರ್ಡ್. ಆದರೆ ಅದೇ ಹೆಸರಿನಲ್ಲಿ 8 ಜಿಬಿ, 128 ಬಿಟ್‌ನ ನಿಧಾನದ ಕಾರ್ಡ್ ಕೂಡ ಬಂತು. ಆರ್‌ಟಿಎಕ್ಸ್ 3050ಯ 6 ಜಿಬಿ ಮತ್ತು 8 ಜಿಬಿ ಕಾರ್ಡ್‌ಗಳ ನಡುವೆ ಬರೀ ಮೆಮೊರಿಯ ವ್ಯತ್ಯಾಸ ಅಲ್ಲ, ಒಳಗಿನ ಕೋರ್‌ಗಳೂ 6 ಜಿಬಿಯದ್ದರಲ್ಲಿ ಕಡಿಮೆ. ಅಂಗಡಿಯವರು ಫೋನಿನಲ್ಲಿ ‘3060 ಉಂಟು’ ಅಂದರೆ ‘ಎಷ್ಟು ಜಿಬಿಯದ್ದು?’ ಎಂದು ಕೇಳಿ. ಬಾಕ್ಸಿನ ಮೂಲೆಯ ಫೋಟೋ ತರಿಸಿ.

ಹೊಸ ಆಟ ಆಡುವವರು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ತೋರಿಸುವುದು) ಇಲ್ಲದ ಕಾರ್ಡನ್ನು ಈಗ ಕೊಳ್ಳಬಾರದು. ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್, ಡೂಮ್: ದ ಡಾರ್ಕ್ ಏಜಸ್ ಎರಡಕ್ಕೂ ರೇ ಟ್ರೇಸಿಂಗ್ ಇರುವ ಕಾರ್ಡೇ ಬೇಕು. ಜಿಟಿಎಕ್ಸ್ 1660 ಸೂಪರ್ ಈಗಲೂ ಹಳೆ ಆಟಗಳಿಗೆ ಒಳ್ಳೆಯ ಕಾರ್ಡ್, ಆದರೆ ಇಂಥ ಆಟಗಳ ಲೆಕ್ಕಕ್ಕೆ ಬರುವುದಿಲ್ಲ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತರಹದ ತಂತ್ರಗಳು ಕಡಿಮೆ ರೆಸಲ್ಯೂಷನ್‌ನಲ್ಲಿ ಚಿತ್ರ ತಯಾರಿಸಿ ದೊಡ್ಡದು ಮಾಡಿ ತೋರಿಸುತ್ತವೆ. ಅವು ನಿಜಕ್ಕೂ ಉಪಯೋಗದವು. ಫ್ರೇಮ್ ಜನರೇಶನ್ ಬೇರೆ ಸಂಗತಿ. ಅದು ಎರಡು ಚಿತ್ರಗಳ ನಡುವೆ ಕಾರ್ಡೇ ಊಹಿಸಿದ ಚಿತ್ರ ತುಂಬುತ್ತದೆ. ಮೊದಲೇ 60 ಫ್ರೇಮ್ ಬರುತ್ತಿದ್ದರೆ ಆಟ ನುಣ್ಣಗೆ ಕಾಣುತ್ತದೆ. 25 ಬರುತ್ತಿದ್ದರೆ ಪರದೆಯಲ್ಲಿ ಸಂಖ್ಯೆ ಏರುತ್ತದೆ, ಮೌಸ್ ಮಾತ್ರ ಎಳೆದ ಹಾಗೆ ಇರುತ್ತದೆ. ಎರಡು ಕಾರ್ಡ್ ಹೋಲಿಸುವಾಗ ಈ ಊಹೆಯ ಫ್ರೇಮ್‌ಗಳನ್ನು ಬಿಟ್ಟು ಲೆಕ್ಕ ಹಾಕಿ.

ಕರೆಂಟ್, ಅರ್ತಿಂಗ್, ಮಿಂಚು

ಪಿಸಿಐಇ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವಾಟ್. 6 ಪಿನ್ ಕೇಬಲಿನಿಂದ ಇನ್ನೊಂದು 75, 8 ಪಿನ್‌ನಿಂದ 150. ಆರ್‌ಟಿಎಕ್ಸ್ 3050 6 ಜಿಬಿ ಕಾರ್ಡಿಗೆ 70 ವಾಟ್ ಸಾಕು, ಹಾಗಾಗಿ ಸಾಮಾನ್ಯವಾಗಿ ಕೇಬಲ್ಲೇ ಬೇಡ. ಹಳೆ ಆಫೀಸ್ ಪಿಸಿಯನ್ನು ಸೆಕೆಂಡ್ ಹ್ಯಾಂಡ್ ತಂದು ಗೇಮಿಂಗ್‌ಗೆ ಮಾಡಿಕೊಳ್ಳುವವರಿಗೆ ಇದು ಅನುಕೂಲ. ಸಣ್ಣ ಕ್ಯಾಬಿನೆಟ್ ಆದರೆ ಇದರಲ್ಲೇ ಲೋ ಪ್ರೊಫೈಲ್ ಅಳತೆಯದ್ದು ಕೇಳಿ.

ಎಸ್‌ಎಂಪಿಎಸ್ ಲೆಕ್ಕ ಮನೆಯಲ್ಲೇ ಹಾಕಬಹುದು. ಆರ್‌ಟಿಎಕ್ಸ್ 5060ಗೆ 145 ವಾಟ್. ಮಧ್ಯಮ ಪ್ರೊಸೆಸರ್‌ಗೆ 90 ಎಂದಿಟ್ಟುಕೊಳ್ಳಿ. ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆಲ್ಲ 75. ಒಟ್ಟು 310. ಅದಕ್ಕೆ ಅರ್ಧ ಸೇರಿಸಿದರೆ 465. ಹಾಗಾದರೆ ಒಳ್ಳೆಯ ಹೆಸರಿನ 550 ವಾಟ್ ಎಸ್‌ಎಂಪಿಎಸ್ ಆರಾಮಾಗಿ ಸಾಕು. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ‘450 ವಾಟ್’ ಡಬ್ಬಿಯನ್ನು ನಂಬಬೇಡಿ. 80 ಪ್ಲಸ್ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆ ಎಂದು ಹೇಳುತ್ತದೆ ಅಷ್ಟೆ, ಒಳಗಿನ ರಕ್ಷಣೆ ಹೇಗಿದೆ ಎಂದು ಹೇಳುವುದಿಲ್ಲ. ಹಳೆ ಮೋಲೆಕ್ಸ್ ವೈರಿನಿಂದ 8 ಪಿನ್ ಮಾಡುವ ಅಡಾಪ್ಟರ್ ಕೊಟ್ಟರೆ ವಾಪಸ್ ಕೊಟ್ಟುಬಿಡಿ. ನಾಲ್ಕು ವರ್ಷ ಓಡುವ ಕಾರ್ಡಿಗೆ ದುಡ್ಡು ಹಾಕಿ ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋದವರು ಎರಡನ್ನೂ ಕಳಕೊಳ್ಳುವುದು ಹೊಸತಲ್ಲ.

ಯುಪಿಎಸ್ ಕೂಡ ಇದೇ ಲೆಕ್ಕಕ್ಕೆ ಬರಬೇಕು. 600 ವಿಎ ಎಂದು ಬರೆದ ಯುಪಿಎಸ್‌ಗಳು ಸಾಮಾನ್ಯವಾಗಿ 360 ವಾಟ್ ಮಾತ್ರ ಕೊಡುತ್ತವೆ. ಮೇಲಿನ 310ಕ್ಕೆ ಮಾನಿಟರ್ ಸೇರಿದರೆ ಅಂಚಿಗೆ ಬಂತು, ಅಲ್ವಾ? ಗುಡುಗು ಬಂದು ಮೆಸ್ಕಾಂ ಕರೆಂಟ್ ಹೋದ ಗಳಿಗೆಗೆ ಆಟ ಜೋರಾಗಿ ನಡೆಯುತ್ತಿದ್ದರೆ ಯುಪಿಎಸ್ ಕೂಡ ಕೈಬಿಡುತ್ತದೆ. 1000 ವಿಎ ಮೇಲಿನದು ನೋಡಿ.

ಕ್ಯಾಬಿನೆಟ್‌ನ ಲೋಹ ಮುಟ್ಟಿದಾಗ ಬೆರಳು ಜುಮ್ ಎನ್ನುತ್ತದಾ? ಹಾಗಾದರೆ ಅರ್ತಿಂಗ್ ಸರಿ ಇಲ್ಲ. ಹೊಸ ಕಾರ್ಡ್ ಹಾಕುವ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಮ್ಮ ಮುರಕಲ್ಲಿನ ನೆಲ ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿ ಗಟ್ಟಿಯಾದಾಗ ಅರ್ತಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕಾಗುತ್ತದೆ. ಮಳೆಗಾಲಕ್ಕೆ ಮುಂಚಿನ ಮತ್ತು ಅಕ್ಟೋಬರ್‌ನ ಸಂಜೆ ಗುಡುಗುಗಳಲ್ಲಿ ಪ್ಲಗ್ ಕೀಳಿ. ಪ್ಲಗ್ ಕಿತ್ತು ಲ್ಯಾನ್ ಕೇಬಲ್ ಬಿಟ್ಟುಬಿಡುವವರೇ ಜಾಸ್ತಿ. ಮಿಂಚು ಅದರಲ್ಲೂ ಬರುತ್ತದೆ, ಅದನ್ನೂ ಕೀಳಿ.

ಕ್ಯಾಬಿನೆಟ್ ಅಳತೆಗೆ ಒಂದು ಟೇಪ್ ಸಾಕು. ಹಿಂದಿನ ಸ್ಲಾಟಿನಿಂದ ಮುಂದಿನ ಫ್ಯಾನಿನ ತನಕ ಅಳೆಯಿರಿ. ಎರಡು ಫ್ಯಾನಿನ ಕಾರ್ಡ್‌ಗಳು ಸಾಮಾನ್ಯವಾಗಿ 200ರಿಂದ 250 ಮಿಲಿಮೀಟರ್, ಮೂರು ಫ್ಯಾನಿನವು 300 ದಾಟುವುದುಂಟು. ದಪ್ಪವನ್ನೂ ನೋಡಿ.

ಉಪ್ಪಿನ ಗಾಳಿ

ಕಡಲಿನಿಂದ ಬರುವ ಗಾಳಿಯಲ್ಲಿ ಸಣ್ಣ ಉಪ್ಪಿನ ಕಣಗಳಿರುತ್ತವೆ. ಧೂಳಿನ ಜೊತೆ ಅವೂ ಕಾರ್ಡಿನ ಮೇಲೆ ಕೂರುತ್ತವೆ. ಗಾಳಿಯ ತೇವ ಸುಮಾರು 75 ಶೇಕಡ ದಾಟಿದರೆ ಉಪ್ಪು ನೀರು ಹೀರಿ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದ ಆಟಿ ತಿಂಗಳಲ್ಲಿ ನೀರು ಬಿಡುವುದನ್ನು ನೋಡಿದ್ದೀರಲ್ಲ, ಅದೇ ಕಾರ್ಡಿನ ಮೇಲೂ ನಡೆಯುತ್ತದೆ. ಆ ಉಪ್ಪುನೀರಿನ ತೆಳು ಪದರ ತಾಮ್ರವನ್ನು ತಿನ್ನುತ್ತದೆ, ಹತ್ತಿರದ ಎರಡು ಬೆಸುಗೆಗಳ ನಡುವೆ ಕರೆಂಟ್ ಹರಿಯಲೂ ದಾರಿ ಮಾಡುತ್ತದೆ.

ಪಿಸಿ ಓಡುವಾಗ ಕಾರ್ಡ್ ಬಿಸಿ ಇರುತ್ತದೆ, ತೇವ ಕೂರುವುದಿಲ್ಲ. ಅಪಾಯ ಇರುವುದು ಆಫ್ ಮಾಡಿಟ್ಟ ಪಿಸಿಗೆ. ನನ್ನ ಕಾರ್ಡ್ ಹೋದದ್ದೂ ಆ ಎರಡು ವಾರಗಳಲ್ಲಿ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಆಟ ಇಲ್ಲದ ದಿನವೂ ಪಿಸಿಯನ್ನು ಒಂದು ಗಂಟೆ ಓಡಿಸುತ್ತೇನೆ. ಒಂದು ವಾರಕ್ಕಿಂತ ಜಾಸ್ತಿ ಮನೆ ಬಿಡುವುದಿದ್ದರೆ ಕಾರ್ಡ್ ಬಿಚ್ಚಿ, ಆಂಟಿಸ್ಟಾಟಿಕ್ ಚೀಲದಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿ ಆಡದ ಡಬ್ಬಿಯಲ್ಲಿ ಇಡುತ್ತೇನೆ. ಪಿಸಿಯನ್ನು ಪಡುವಣ ಕಿಟಕಿಯ ಕೆಳಗೆ ಇಡಬೇಡಿ, ನೆಲದ ಮೇಲೂ ಬೇಡ. ಬಳಸದ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಬಾಯಿಗಳಿಗೆ ರಬ್ಬರ್ ಮುಚ್ಚಳ ಹಾಕಿ. ಬಹಳ ಕಡಿಮೆ ಬೆಲೆಗೆ ಸಿಗುತ್ತವೆ, ತುಕ್ಕು ಮೊದಲು ಶುರುವಾಗುವುದು ಅಲ್ಲೇ.

ಈ ಕಾರಣಕ್ಕೇ ಕಡಲ ಬದಿಯವರು ಕೊಳ್ಳುವ ಮೊದಲು ವಾರಂಟಿ ಕಾಗದ ಓದಬೇಕು. ತುಕ್ಕು ಮತ್ತು ನೀರಿನ ಹಾನಿಯನ್ನು ಹಲವು ಕಂಪನಿಗಳು ವಾರಂಟಿಯಿಂದ ಹೊರಗಿಡುತ್ತವೆ. ಎರಡು ಕಾರ್ಡ್‌ಗಳ ನಡುವೆ ಮನಸ್ಸು ತೂಗುತ್ತಿದ್ದರೆ, ಕಡಿಮೆ ವಾಟ್‌ನ ಸಾದಾ ಕಾರ್ಡ್ ತೆಗೆದುಕೊಂಡು ಉಳಿದ ದುಡ್ಡನ್ನು ಯುಪಿಎಸ್‌ಗೆ, ಅರ್ತಿಂಗ್‌ಗೆ ಹಾಕಿ ಎಂದೇ ನಾನು ಹೇಳುವುದು.

ಎಲ್ಲಿಂದ ತರುವುದು

ಮೂರು ದಾರಿ. ಮಂಗಳೂರು, ಉಡುಪಿಯ ಅಂಗಡಿ. ಆನ್‌ಲೈನ್. ಬೆಂಗಳೂರಿನ ಎಸ್‌ಪಿ ರಸ್ತೆ. ವ್ಯತ್ಯಾಸ ಸಣ್ಣದಾದರೆ ಊರಿನ ಅಂಗಡಿಯೇ ನನಗೆ ಇಷ್ಟ. ಕಾರ್ಡ್ ಕೆಟ್ಟಾಗ ಕೈಯಲ್ಲಿ ಹಿಡಿದು ಹೋಗಿ ಕೊಡಬಹುದು. ಎಲ್ಲೇ ಆಗಲಿ, ಜಿಎಸ್‌ಟಿ ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿ, ಬಾಕ್ಸ್ ಮೇಲಿನ ನಂಬರಿಗೂ ಕಾರ್ಡಿನ ಮೇಲಿನ ನಂಬರಿಗೂ ತಾಳೆ ಹಾಕಿ. ವಾರಂಟಿಗೆ ಅಂಗಡಿಯವರೇ ಕಳಿಸುತ್ತಾರಾ, ನಾವೇ ಕಳಿಸಬೇಕಾ ಎಂದು ಮೊದಲೇ ಕೇಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಬಾಕ್ಸ್ ಒಡೆಯುವುದನ್ನು ಒಂದೇ ವಿಡಿಯೋದಲ್ಲಿ, ನಡುವೆ ನಿಲ್ಲಿಸದೆ ತೆಗೆಯಿರಿ.

ಬೆಂಗಳೂರಿನಿಂದ ರಾತ್ರಿಯ ಎಸಿ ಬಸ್ಸಿನಲ್ಲಿ ಕಾರ್ಡ್ ತರುವವರು ಒಂದು ಮಾತು ನೆನಪಿಡಿ. ಬೆಳಿಗ್ಗೆ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಇಳಿದಾಗ ಕನ್ನಡಕಕ್ಕೆ ಮಂಜು ಹಿಡಿಯುತ್ತದಲ್ಲ, ತಣ್ಣಗಿರುವ ಕಾರ್ಡಿಗೂ ಹಾಗೇ ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ತೆರೆಯಬೇಡಿ. ಬಾಕ್ಸ್ ಮುಚ್ಚಿಯೇ ಎರಡು ಗಂಟೆ ಇಡಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಮಲ್ಪೆಯಲ್ಲಿ ಒಬ್ಬರ ಮನೆಗೆ ಆರ್‌ಟಿಎಕ್ಸ್ 3060 ನೋಡಲು ಹೋಗಿದ್ದೆ. ಮೇಲಿಂದ ಹೊಸತರ ಹಾಗೆ ಹೊಳೆಯುತ್ತಿತ್ತು. ಟಾರ್ಚ್ ಹಿಡಿದು ಮೊದಲು ಸ್ಕ್ರೂ ನೋಡಿದೆ. ಬ್ರಾಕೆಟ್‌ನ ನಾಲ್ಕು ಸ್ಕ್ರೂಗಳಲ್ಲಿ ಎರಡರ ತಲೆ ಕಂದು, ಒಂದರ ಅಂಚು ಸವೆದಿತ್ತು. ಅಂದರೆ ಯಾರೋ ಬಿಚ್ಚಿದ್ದಾರೆ. ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ, ಒಂದು ಕಡೆ ಕರಕರ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಬಿಳಿ ಪುಡಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಹೆಸರು, ಮೆಮೊರಿ ಸರಿ ಇದೆಯಾ ನೋಡಿದೆ, ಸರಿ ಇತ್ತು. ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ಓಡಿಸಿದೆ. ಏಳನೇ ನಿಮಿಷಕ್ಕೆ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯ ಜಾಗ) ಬಿಸಿ 105 ಡಿಗ್ರಿ ತಲುಪಿತು, ಸರಾಸರಿ ಬಿಸಿ 78. ಇಷ್ಟು ಅಂತರ ಇದ್ದರೆ ಒಳಗಿನ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸರಿ ಕೂತಿಲ್ಲ. ನಾನು ಚಹಾ ಕುಡಿದು ವಾಪಸ್ ಬಂದೆ.

ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ (ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಲ್ಲಿಸಿದ ಮೇಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅಂಥ ಕಾರ್ಡ್ ಎಲ್ಲವೂ ಕೆಟ್ಟದ್ದಲ್ಲ, ಆದರೆ ಬಿಲ್ ಮತ್ತು ಉಳಿದ ವಾರಂಟಿ ಇಲ್ಲದೆ ಬೇಡ. ಆರ್‌ಎಕ್ಸ್ 580 ಹೆಸರಿನಲ್ಲಿ ಬರುವ 2048ಎಸ್‌ಪಿ ಕಾರ್ಡಿನಲ್ಲಿ 2304ರ ಬದಲು 2048 ಶೇಡರ್‌ಗಳು (ಚಿತ್ರದ ಲೆಕ್ಕ ಮಾಡುವ ಸಣ್ಣ ಕೋರ್‌ಗಳು) ಮಾತ್ರ ಇರುತ್ತವೆ. ಅದನ್ನೂ ಜಿಪಿಯು-ಝಡ್ ತೋರಿಸುತ್ತದೆ.

ಹಾಕುವ ದಿನ

ಬೇರೆ ಕಂಪನಿಯ ಕಾರ್ಡಿನಿಂದ ಬದಲಿಸುತ್ತಿದ್ದರೆ ಡಿಡಿಯು ಎಂಬ ತಂತ್ರಾಂಶ ಬಳಸಿ ಹಳೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಪೂರ್ತಿ ತೆಗೆಯಿರಿ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಆಮೇಲೆ ಕಾರ್ಡ್ ಹಿಡಿಯಿರಿ. ಸ್ಲಾಟಿನ ತುದಿಯ ಕ್ಲಿಪ್ ‘ಟಕ್’ ಎನ್ನುವ ತನಕ ಒತ್ತಿ. ಪವರ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಅಲ್ಲ, ಕಾರ್ಡಿಗೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಜ್ ಆರಿಸಿ, ಅದು ಕೆಲವೊಮ್ಮೆ 60ರಲ್ಲೇ ಇರುತ್ತದೆ. ಮೊದಲ ವಾರ ನೀವು ಆಡುವ ಅತಿ ಭಾರದ ಆಟವನ್ನೇ ದಿನವೂ ಎರಡು ಗಂಟೆ ಓಡಿಸಿ. ಕೆಡುವುದಿದ್ದರೆ ವಾಪಸ್ ಕೊಡುವ ಅವಧಿಯೊಳಗೇ ಕೆಡಲಿ.

ಆಮೇಲೆ ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ಮಳೆ ನಿಂತ ಮೇಲೆ, ಕಾರ್ಡ್ ಬಿಚ್ಚಿ ಮೆತ್ತಗಿನ ಬ್ರಶ್‌ನಿಂದ ಧೂಳು ತೆಗೆಯಿರಿ. ಕಾರ್ಡಿನ ಅಂಚಿನಲ್ಲಿ ಸ್ಲಾಟಿಗೆ ಕೂರುವ ಬಂಗಾರದ ಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಒಣಗಲು ಬಿಟ್ಟು ಮತ್ತೆ ಹಾಕಿ. ಪೋರ್ಟಿನ ಬಾಯಿಯ ಫೋಟೋ ಒಂದು ತೆಗೆದಿಡಿ. ಹೋದ ಸಲದ ಫೋಟೋ ಜೊತೆ ಹೋಲಿಸಿದರೆ ತುಕ್ಕು ಶುರುವಾಗಿದೆಯಾ ಎಂದು ಕೂಡಲೇ ಗೊತ್ತಾಗುತ್ತದೆ.